ತಾಲ್ಲೂಕು ಓಟಿಯ ಓದು: ಶಿಕಾರಿಪುರ, ಸೊರಬದ ಅರಿವಳಿಕೆ ವೈದ್ಯರಿಗೊಂದು ಕೈಪಿಡಿ

ನನ್ನ ಬೀರುವಿನಲ್ಲಿ ಒಂದು ಫೈಲಿದೆ. ಅದರ ತುಂಬ ಸಿಎಂಇ ಸರ್ಟಿಫಿಕೇಟುಗಳು. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ, ಮಂಗಳೂರಿನವು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಮೊಬೈಲ್ ಹಿಡಿದು ಕೂತು ಪಡೆದವೂ ಇವೆ. ವೈದ್ಯಕೀಯ ಪರಿಷತ್ತು ಕೇಳುವ ಗಂಟೆಗಳೆಲ್ಲ ಅದರಲ್ಲಿವೆ. ಆದರೆ ಒಂದೊಂದನ್ನೇ ಹೊರತೆಗೆದು, ಇದನ್ನು ಕೇಳಿ ಬಂದ ಮೇಲೆ ಓಟಿಯಲ್ಲಿ ಏನು ಬದಲಿಸಿದೆ ಎಂದು ಕೇಳಿಕೊಂಡರೆ ಉತ್ತರ ಸಿಗುವುದು ನಾಲ್ಕೈದಕ್ಕೆ ಮಾತ್ರ. ಉಳಿದವು ಕೇಳಿದ್ದಾಯಿತು, ಊಟವಾಯಿತು, ಬಸ್ಸು ಹಿಡಿದು ಊರಿಗೆ ಬಂದದ್ದಾಯಿತು. ಆ ನಾಲ್ಕೈದು ಯಾಕೆ ಉಳಿದವು ಎಂದು ಯೋಚಿಸಿದಾಗ ಹೊಳೆದದ್ದನ್ನು ನನ್ನಂತೆಯೇ ತಾಲ್ಲೂಕಿನಲ್ಲಿ ಕೆಲಸ ಮಾಡುವವರಿಗೆ ಹೇಳಬೇಕೆನಿಸಿತು.

ಶಿಕಾರಿಪುರ, ಸೊರಬದ ಕಡೆ ನಮ್ಮ ಕೆಲಸ ಹೇಗಿರುತ್ತದೆ ಎಂಬುದು ದೊಡ್ಡ ಊರಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ತಾಲ್ಲೂಕು ಆಸ್ಪತ್ರೆ, ಸುತ್ತಮುತ್ತ ಕೆಲವು ನರ್ಸಿಂಗ್ ಹೋಮುಗಳು, ಶಿರಾಳಕೊಪ್ಪ, ಆನವಟ್ಟಿ ಕಡೆಯಿಂದ ಬರುವ ಕರೆಗಳು. ಅರಿವಳಿಕೆ ಕೊಡುವವರು ಒಬ್ಬರೋ ಇಬ್ಬರೋ. ಆ ಒಬ್ಬರು ಎರಡು ದಿನ ಸಮ್ಮೇಳನಕ್ಕೆ ಹೋದರೆ ಅಷ್ಟೂ ಹೊತ್ತಿನ ತುರ್ತು ಸಿಸೇರಿಯನ್‌ಗಳು ಆಂಬುಲೆನ್ಸ್ ಹತ್ತಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು. ಶಿಕಾರಿಪುರದಿಂದ ಸುಮಾರು ಐವತ್ತು ಕಿಲೋಮೀಟರ್. ಸೊರಬದಿಂದ ದಾರಿ ಇನ್ನೂ ಉದ್ದ. ಹಾಗಾಗಿ ಊರು ಬಿಡಲು ಮನಸ್ಸು ಬರುವುದಿಲ್ಲ. ಊರು ಬಿಡದೆ ಇದ್ದರೆ ಓದು ಹತ್ತು ವರ್ಷ ಹಿಂದೆ ಉಳಿಯುತ್ತದೆ. ಈ ಇಕ್ಕಟ್ಟು ನಿಜವಾದದ್ದು, ಸೋಮಾರಿತನವಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಸರಳ. ನಿನ್ನೆಯ ಕೇಸಿನಿಂದ ಒಂದು ಪ್ರಶ್ನೆ ಎತ್ತಿಕೊಳ್ಳುವುದು, ಅದಕ್ಕೆ ಹೊಸ ಸಂಶೋಧನೆ ಏನು ಹೇಳಿದೆ ಎಂದು ಹುಡುಕುವುದು, ಒಂದೇ ಒಂದು ಬದಲಾವಣೆ ಮಾಡಿ ನೋಡುವುದು. ಹೊಸ ಸಂಶೋಧನೆ ಎಂದರೆ ದುಬಾರಿ ಯಂತ್ರ, ದುಬಾರಿ ಔಷಧ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ನನ್ನ ಅನುಭವ ಬೇರೆ. ತಾಲ್ಲೂಕಿನ ರೋಗಿಗೆ ಹೆಚ್ಚು ಉಪಯೋಗಕ್ಕೆ ಬಂದ ಹೊಸ ತಿಳಿವಳಿಕೆಗೆ ಬಹುತೇಕ ಖರ್ಚೇ ಇರಲಿಲ್ಲ.

ಗಂಟೆಗಳ ಲೆಕ್ಕ ಮೊದಲು ಮುಗಿಸೋಣ

2002ರ ವೈದ್ಯ ವೃತ್ತಿ ನೀತಿ ನಿಯಮಗಳ ಪ್ರಕಾರ ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿದ ವೈದ್ಯಕೀಯ ಶಿಕ್ಷಣ ಪಡೆಯಬೇಕು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ಹೊರಡಿಸಿತ್ತು. ಅದೇ ತಿಂಗಳು ತಡೆಹಿಡಿಯಿತು. ಕರ್ನಾಟಕದಲ್ಲಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ಕರ್ನಾಟಕ ವೈದ್ಯಕೀಯ ಪರಿಷತ್ತು ಈ ಗಂಟೆಗಳನ್ನು ನೋಡುತ್ತದೆ. ಭಾಗಿಸಿದರೆ ತಿಂಗಳಿಗೆ ಅರ್ಧ ಗಂಟೆ. ಅದು ಓದಿನ ಗುರಿಯಾಗಲು ಸಾಲದು, ಆದರೆ ಕಟ್ಟಕಡೆಯ ವರ್ಷದಲ್ಲಿ ಓಡಾಡಿ ಗಂಟೆ ಕೂಡಿಸುವ ಪಾಡು ಬರಬಾರದು. ಆಮಂತ್ರಣ ಬಂದಾಗ ಮೊದಲು ನೋಡಬೇಕಾದದ್ದು ಪರಿಷತ್ತಿನ ಮಾನ್ಯತೆ ಇದೆಯೇ, ಎಷ್ಟು ಅಂಕ ಎಂಬುದನ್ನು. ಆನ್‌ಲೈನ್ ಕಾರ್ಯಕ್ರಮವಾದರೆ ದುಡ್ಡು ಕಟ್ಟುವ ಮುಂಚೆಯೇ ಕೇಳಿ ಖಚಿತ ಮಾಡಿಕೊಳ್ಳಿ.

ಇನ್ನೊಂದು ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತಂದ ಔಷಧ ಮಾರಾಟ ಸಂಹಿತೆಯ ಪ್ರಕಾರ, ಉಪನ್ಯಾಸ ಕೊಡಲು ಬಂದವರ ಹೊರತು ಬೇರೆ ವೈದ್ಯರ ಪ್ರಯಾಣ, ಹೋಟೆಲ್ ಖರ್ಚನ್ನು ಕಂಪನಿಗಳು ಭರಿಸುವಂತಿಲ್ಲ. ಇದು ಒಳ್ಳೆಯದೇ ಆಯಿತು. ಕಂಪನಿ ಕರೆದುಕೊಂಡು ಹೋದ ಸಭೆಯಲ್ಲಿ ಕಂಪನಿಯ ಔಷಧವೇ ಹೊಸ ಸಂಶೋಧನೆಯಾಗಿ ಕಾಣುತ್ತದೆ. ನಮ್ಮ ದುಡ್ಡಿನಲ್ಲಿ ಹೋಗುವುದಾದರೆ ಎಲ್ಲಿಗೆ, ಯಾಕೆ ಎಂದು ಎರಡು ಸಲ ಯೋಚಿಸುತ್ತೇವೆ. ವರ್ಷಕ್ಕೆ ಮೂರು ಸಮ್ಮೇಳನದ ಬದಲು ಒಂದು ವಾರ ಪೂರ್ತಿ ದೊಡ್ಡ ಆಸ್ಪತ್ರೆಯೊಂದರ ಐಸಿಯುವಿನಲ್ಲೋ ಮೂಳೆ ವಿಭಾಗದ ಓಟಿಯಲ್ಲೋ ನಿಂತು ಕಲಿಯುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಮನೆಯಲ್ಲೇ ಕೂತು ಓದಲು

ಸಂಶೋಧನಾ ಪತ್ರಿಕೆಗಳೆಲ್ಲ ದುಡ್ಡು ಕೊಟ್ಟವರಿಗೆ ಮಾತ್ರ ಎಂದುಕೊಂಡು ಬಹಳ ಮಂದಿ ಹುಡುಕುವುದನ್ನೇ ಬಿಟ್ಟಿದ್ದಾರೆ. ನಮ್ಮ ಸಂಘ ಇಂಡಿಯನ್ ಸೊಸೈಟಿ ಆಫ್ ಅನಸ್ತೇಶಿಯಾಲಜಿಸ್ಟ್ಸ್ ಶುರುವಾದದ್ದು 1947ರಲ್ಲಿ. ಅದು ಹೊರತರುವ ಇಂಡಿಯನ್ ಜರ್ನಲ್ ಆಫ್ ಅನಸ್ತೇಶಿಯಾ ತಿಂಗಳ ಪತ್ರಿಕೆ. ಇಡೀ ಪತ್ರಿಕೆ ಉಚಿತವಾಗಿ ಸಿಗುತ್ತದೆ. ನಮ್ಮ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಎಸ್. ಬಾಲಭಾಸ್ಕರ್ ಅದರ ಪ್ರಧಾನ ಸಂಪಾದಕರಾಗಿದ್ದವರು. ಪತ್ರಿಕೆಯ ದೊಡ್ಡ ಲಾಭವೆಂದರೆ ಅದರಲ್ಲಿರುವ ರೋಗಿಗಳು ನಮ್ಮ ರೋಗಿಗಳಂತೆ ಇರುತ್ತಾರೆ: ಹಿಮೋಗ್ಲೋಬಿನ್ ಏಳು ಇರುವ ಗರ್ಭಿಣಿ, ತೂಕ ಕಡಿಮೆ ಇರುವ ಮುದುಕರು.

ವಿಶ್ವ ಅರಿವಳಿಕೆ ಒಕ್ಕೂಟದ 'ಅನಸ್ತೇಶಿಯಾ ಟ್ಯುಟೋರಿಯಲ್ ಆಫ್ ದಿ ವೀಕ್' ಇನ್ನೊಂದು. ಒಂದು ವಿಷಯ, ಕೆಲವೇ ಪುಟ, ಕೊನೆಗೆ ಪ್ರಶ್ನೆಗಳು; ಕಡಿಮೆ ಸೌಲಭ್ಯ ಇರುವ ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕಾಕ್ರೇನ್ ಸಂಸ್ಥೆಯ ಸಾರಾಂಶಗಳನ್ನು ಯಾರು ಬೇಕಾದರೂ ಓದಬಹುದು. ಪಬ್‌ಮೆಡ್‌ನಲ್ಲಿ ಹುಡುಕುವಾಗ 'ಉಚಿತ ಪೂರ್ಣ ಪಾಠ' ಎಂಬ ಗುರುತು ಹಾಕಿಕೊಂಡರೆ ಬಾಗಿಲು ಮುಚ್ಚಿದ ಲೇಖನಗಳ ಮುಂದೆ ಕಾಯುವ ಬೇಸರ ತಪ್ಪುತ್ತದೆ. ಬೇಕೇಬೇಕಾದ ಲೇಖನ ಸಿಗದಿದ್ದರೆ ಶಿವಮೊಗ್ಗದ ಸಿಮ್ಸ್‌ನಲ್ಲಿ ಸ್ನಾತಕೋತ್ತರ ಓದುತ್ತಿರುವ ಪರಿಚಯದವರನ್ನೋ ಅಲ್ಲಿನ ಗ್ರಂಥಾಲಯವನ್ನೋ ಕೇಳಿ. ಲೇಖಕರಿಗೇ ಇಮೇಲ್ ಬರೆದರೂ ಬಹುಪಾಲು ಕಳಿಸುತ್ತಾರೆ. ಕೇಳಲು ಸಂಕೋಚ ಬೇಡ.

ಒಂದು ಲೋಟ ನೀರು

ಈಗ ನನ್ನ ಫೈಲಿನ ಆ ನಾಲ್ಕೈದಕ್ಕೆ ಬರುತ್ತೇನೆ.

ಸೊಂಟದ ಮೂಳೆ ಮುರಿದ ಎಂಬತ್ತರ ಹತ್ತಿರದ ಅಜ್ಜಿ. ಹನ್ನೊಂದು ಗಂಟೆಗೆ ಆಪರೇಷನ್ ಎಂದಿತ್ತು. ಎಕ್ಸ್‌ರೇ ಯಂತ್ರದ ತೊಂದರೆಯಿಂದ ಒಂದೂವರೆ ಆಯಿತು. ಟೇಬಲ್ ಮೇಲೆ ಮಲಗಿಸಿದಾಗ ತುಟಿ ಒಡೆದಿತ್ತು. "ನಿನ್ನೆ ರಾತ್ರಿ ಗಂಜಿ ಕುಡ್ದಿದ್ದೇ ಕೊನೆ ಕಣಪ್ಪಾ, ಒಂದು ಹನಿ ನೀರೂ ಕೊಡ್ಲಿಲ್ಲ," ಎಂದರು. ಹದಿನೇಳು ಗಂಟೆ. ಸ್ಪೈನಲ್ ಕೊಟ್ಟ ಕೂಡಲೇ ಬಿಪಿ ಕುಸಿಯಿತು. ಸರಿಪಡಿಸಿದೆವು, ಆಪರೇಷನ್ ಮುಗಿಯಿತು. ಆದರೆ ಆ ಕುಸಿತಕ್ಕೆ ನಮ್ಮ ಪಾಲೂ ಇತ್ತು ಎನ್ನುವುದು ಮನಸ್ಸಿನಿಂದ ಹೋಗಲಿಲ್ಲ.

'ರಾತ್ರಿ ಹತ್ತರ ಮೇಲೆ ಏನೂ ಬೇಡ, ನೀರೂ ಬೇಡ' ಎಂಬುದು ನಮ್ಮ ವಾರ್ಡುಗಳ ಹಳೆಯ ಅಪ್ಪಣೆ. 2020ರಲ್ಲಿ ನಮ್ಮ ಸಂಘವೇ ಉಪವಾಸದ ಮಾರ್ಗಸೂಚಿ ಪ್ರಕಟಿಸಿತು. ಬರೆದವರಲ್ಲಿ ಕರ್ನಾಟಕದ ವೈದ್ಯರೂ ಇದ್ದರು. ನೀರಿನಂಥ ತಿಳಿ ದ್ರವ ಎರಡು ಗಂಟೆ ಮುಂಚಿನವರೆಗೆ, ಎದೆಹಾಲು ನಾಲ್ಕು ಗಂಟೆ, ಹಗುರ ಊಟ ಆರು ಗಂಟೆ, ಎಣ್ಣೆ ಜಿಡ್ಡಿನ ಊಟ ಎಂಟು ಗಂಟೆ. ಇದು ಬಹಳ ದಿನದಿಂದ ಗೊತ್ತಿದ್ದ ವಿಷಯವೇ. ಗೊತ್ತಿದ್ದದ್ದು ವಾರ್ಡಿಗೆ ತಲುಪಿರಲಿಲ್ಲ, ಅಷ್ಟೆ.

ನಾವು ಮಾಡಿದ್ದು ಇಷ್ಟು. ಒಂದು ಅಂಗೈ ಅಗಲದ ಚೀಟಿ ಮುದ್ರಿಸಿದೆವು: "ರಾತ್ರಿ ಊಟ ಮಾಡಿ. ಬೆಳಿಗ್ಗೆ ಗಟ್ಟಿ ಆಹಾರ, ಹಾಲು, ಹಾಲು ಹಾಕಿದ ಕಾಫಿ ಬೇಡ. ನೀರು, ಹಾಲಿಲ್ಲದ ಚಹಾ ___ ಗಂಟೆಯವರೆಗೆ ಕುಡಿಯಬಹುದು. ಆಪರೇಷನ್ ತಡವಾದರೆ ನರ್ಸನ್ನು ಕೇಳಿ." ಖಾಲಿ ಜಾಗದಲ್ಲಿ ನರ್ಸ್ ಸಮಯ ಬರೆಯುತ್ತಾರೆ. ಚೀಟಿ ತರುವ ಮುಂಚೆ ಇಪ್ಪತ್ತು ರೋಗಿಗಳನ್ನು 'ಕೊನೆಗೆ ನೀರು ಕುಡಿದದ್ದು ಯಾವಾಗ' ಎಂದು ಕೇಳಿ ಚಾರ್ಟಿನಲ್ಲಿ ಬರೆದುಕೊಂಡಿದ್ದೆವು. ಬಂದ ಮೇಲೆ ಮತ್ತೆ ಇಪ್ಪತ್ತು ಮಂದಿಯನ್ನು ಕೇಳಿದೆವು. ಇಂಥ ಎಣಿಕೆಗೆ ಆಡಿಟ್ ಎಂಬ ದೊಡ್ಡ ಹೆಸರಿದೆ. ಬೇಕಾದದ್ದು ಒಂದು ಪೆನ್ನು ಮಾತ್ರ. ಎಣಿಸದೆ ಇದ್ದರೆ ಬದಲಾಯಿತೋ ಇಲ್ಲವೋ ಎಂಬುದು ಯಾರ ಮಾತು ಜೋರು ಎಂಬುದರ ಮೇಲೆ ನಿಲ್ಲುತ್ತದೆ.

ಚೀಟಿ ಎಲ್ಲರಿಗೂ ಅಲ್ಲ. ಕರುಳು ಕಟ್ಟಿದವರು, ಹೆರಿಗೆ ನೋವಿನಲ್ಲಿರುವವರು, ಅಪಘಾತದವರು ಬೇರೆ. ಈಗ ಇನ್ನೊಂದು ಗುಂಪು ಸೇರಿದೆ. ಸಕ್ಕರೆ ಕಾಯಿಲೆಗೆ, ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಎಂಟು ಗಂಟೆ ಉಪವಾಸವಿದ್ದರೂ ಹೊಟ್ಟೆಯಲ್ಲಿ ಅನ್ನ ಉಳಿದಿರಬಹುದು. ಸೆಮಾಗ್ಲುಟೈಡ್ ಮಾತ್ರೆ ಭಾರತಕ್ಕೆ ಬಂದದ್ದು 2022ರಲ್ಲಿ, ಟಿರ್ಜೆಪಟೈಡ್ ಚುಚ್ಚುಮದ್ದು 2025ರಲ್ಲಿ. ಶಿಕಾರಿಪುರಕ್ಕೆ ಇವೆಲ್ಲ ಎಲ್ಲಿ ಎನ್ನಬೇಡಿ. ಬೆಂಗಳೂರಿನಲ್ಲಿರುವ ಮಗ ತಂದುಕೊಟ್ಟ ಔಷಧ ಅಮ್ಮನ ಫ್ರಿಜ್ಜಿನಲ್ಲಿರುತ್ತದೆ. 'ಬೇರೆ ಔಷಧ ಇದೆಯೇ' ಎಂದರೆ ಇಲ್ಲ ಎನ್ನುತ್ತಾರೆ. 'ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಇದೆಯಾ?' ಎಂದೇ ಕೇಳಬೇಕು.

ಈ ಔಷಧದ ಕಥೆಯಲ್ಲಿ ಓದಿನ ಬಗ್ಗೆಯೇ ಒಂದು ಪಾಠವಿದೆ. 2023ರ ಜೂನ್‌ನಲ್ಲಿ ಅಮೆರಿಕದ ಅರಿವಳಿಕೆ ಸಂಘ, ವಾರಕ್ಕೊಮ್ಮೆ ತೆಗೆದುಕೊಳ್ಳುವವರು ಆಪರೇಷನ್ನಿಗೆ ಒಂದು ವಾರ ಮುಂಚೆ ನಿಲ್ಲಿಸಲಿ ಎಂದಿತು. 2024ರ ಅಕ್ಟೋಬರ್‌ನಲ್ಲಿ ಹಲವು ಸಂಘಗಳು ಸೇರಿ, ಬಹುತೇಕರು ನಿಲ್ಲಿಸಬೇಕಿಲ್ಲ, ಅಪಾಯ ಹೆಚ್ಚಿರುವವರಿಗೆ ಹಿಂದಿನ ದಿನ ದ್ರವಾಹಾರ ಕೊಡಿ, ಅನುಮಾನವಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ಹೊಟ್ಟೆ ನೋಡಿ ಎಂದವು. ಹದಿನಾರು ತಿಂಗಳಲ್ಲಿ ಸಲಹೆ ಬದಲಾಯಿತು. 2023ರ ಸ್ಲೈಡನ್ನು ಇಟ್ಟುಕೊಂಡು ಈಗಲೂ ಪಾಠ ಮಾಡುವವರಿದ್ದಾರೆ. ಸಲಹೆ ಓದುವಾಗ ಅದರ ಮೇಲಿನ ತಾರೀಖನ್ನು ಓದಿ.

ಎರಡು ಆಂಪೂಲ್

ಇದನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತದೆ. ನಡುರಾತ್ರಿಯ ಸಿಸೇರಿಯನ್. ತಾಯಿಗೆ ರಕ್ತ ಕಡಿಮೆ, ರಕ್ತಸ್ರಾವವಾದರೆ ಕೈಗೆ ಸಿಗಲಿ ಎಂದು ನರ್ಸ್ ಟ್ರನೆಕ್ಸಾಮಿಕ್ ಆಮ್ಲದ ಆಂಪೂಲನ್ನೂ ಸ್ಪೈನಲ್ ಟ್ರೇಯಲ್ಲೇ ಇಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟದ್ದು. ಬೆನ್ನಿಗೆ ಕೊಡುವ ಬುಪಿವಕೇನ್ ನಾಲ್ಕು ಎಂಎಲ್, ಟ್ರನೆಕ್ಸಾಮಿಕ್ ಐದು ಎಂಎಲ್. ಎರಡೂ ಗಾಜು, ಎರಡೂ ಒಳಗೆ ನೀರಿನಂತೆ ತಿಳಿ, ಎರಡರ ಮೇಲೂ ಇರುವೆ ಸಾಲಿನಂಥ ಅಕ್ಷರ. ಆಂಪೂಲಿನ ಕತ್ತು ಮುರಿದಿದ್ದೆ. ಸಿರಿಂಜಿಗೆ ಎಳೆಯುವ ಮುಂಚೆ ಹೆಸರನ್ನು ಗಟ್ಟಿಯಾಗಿ ಓದುವ ಅಭ್ಯಾಸ ಅದಕ್ಕೆ ಕೆಲವೇ ವಾರ ಮುಂಚೆ ಶುರುಮಾಡಿದ್ದೆ. ಓದಿದೆ. ನಾಲಿಗೆ ಟ್ರನೆಕ್ಸಾಮಿಕ್ ಎಂದಿತು. ಓಟಿಯಲ್ಲಿ ಯಾರೂ ಮಾತಾಡಲಿಲ್ಲ.

ಆ ಅಭ್ಯಾಸಕ್ಕೆ ಕಾರಣ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಒಂದು ಎಚ್ಚರಿಕೆ. ಟ್ರನೆಕ್ಸಾಮಿಕ್ ಆಮ್ಲ ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ತಡೆಯಲಾಗದ ಫಿಟ್ಸ್ ಬರುತ್ತದೆ, ಹೃದಯದ ಬಡಿತ ಹದ ತಪ್ಪುತ್ತದೆ. ವರದಿಯಾದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕಲಿಲ್ಲ. ಈ ಔಷಧ ಹೆರಿಗೆ ಓಟಿಗೆ ಬಂದದ್ದೂ ಒಳ್ಳೆಯ ಸಂಶೋಧನೆಯಿಂದಲೇ. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ 'ವುಮನ್' ಅಧ್ಯಯನದಲ್ಲಿ ಹೆರಿಗೆಯ ನಂತರ ರಕ್ತಸ್ರಾವವಾದ 20,060 ತಾಯಂದಿರಿದ್ದರು. ಮೂರು ಗಂಟೆಯೊಳಗೆ ಒಂದು ಗ್ರಾಂ ರಕ್ತನಾಳಕ್ಕೆ ಕೊಟ್ಟಾಗ ರಕ್ತಸ್ರಾವದಿಂದ ಆಗುವ ಸಾವು 1.7ರಿಂದ 1.2 ಶೇಕಡಕ್ಕೆ ಇಳಿಯಿತು. ತಡವಾದಷ್ಟೂ ಲಾಭ ಕಡಿಮೆ. ಹಾಗಾಗಿ ಔಷಧ ಓಟಿಯಲ್ಲಿ ಇರಲೇಬೇಕು. ಎಲ್ಲಿ ಇರಬೇಕು ಎಂಬುದು ಇನ್ನೊಂದು ಪ್ರಶ್ನೆ, ಅದಕ್ಕೆ ಉತ್ತರ ಬರಲು ಐದು ವರ್ಷ ಬೇಕಾಯಿತು. ಮೊದಲ ಲೇಖನ ಓದಿ ಎರಡನೆಯದನ್ನು ಓದದವರು ಅಪಾಯದಲ್ಲಿದ್ದಾರೆ.

ನಮ್ಮಲ್ಲಿ ಈಗ ಟ್ರನೆಕ್ಸಾಮಿಕ್ ಇರುವುದು ರಕ್ತಸ್ರಾವದ ಪೆಟ್ಟಿಗೆಯಲ್ಲಿ, ಅರಿವಳಿಕೆ ಟ್ರಾಲಿಯಿಂದ ದೂರ. ಬೆನ್ನಿಗೆ ಹೋಗುವ ಔಷಧದ ಹೆಸರನ್ನು ನಾನೊಮ್ಮೆ, ನರ್ಸ್ ಒಮ್ಮೆ ಗಟ್ಟಿಯಾಗಿ ಓದುತ್ತೇವೆ. ಸರ್ಜನ್ ಕೈತೊಳೆಯುತ್ತ 'ಬೇಗ' ಎಂದರೂ ಓದುತ್ತೇವೆ.

ಅಂಕಿಯನ್ನು ನಮ್ಮ ಊರಿಗೆ ತರುವುದು ಹೇಗೆ

'ಸ್ಪೈನಲ್ ಕೊಟ್ಟರೆ ವಯಸ್ಸಾದವರಿಗೆ ಒಳ್ಳೆಯದು, ಪೂರ್ತಿ ಅರಿವಳಿಕೆ ಕೊಟ್ಟರೆ ತಲೆ ಕೆಡುತ್ತದೆ' ಎಂದು ನಾವೆಲ್ಲ ಕಲಿತು ಬಂದವರು. 2021ರ 'ರೀಗೇನ್' ಅಧ್ಯಯನ ಸೊಂಟದ ಮೂಳೆ ಮುರಿದ 1,600 ಮಂದಿಯನ್ನು ಎರಡು ಗುಂಪು ಮಾಡಿ ನೋಡಿತು. ಅರವತ್ತು ದಿನದ ನಂತರ ತೀರಿಕೊಂಡವರು ಅಥವಾ ಯಾರ ನೆರವೂ ಇಲ್ಲದೆ ನಾಲ್ಕು ಹೆಜ್ಜೆ ನಡೆಯಲಾಗದವರು ಸ್ಪೈನಲ್ ಗುಂಪಿನಲ್ಲಿ ಶೇ 18.5, ಪೂರ್ತಿ ಅರಿವಳಿಕೆಯಲ್ಲಿ ಶೇ 18. ವ್ಯತ್ಯಾಸವೇ ಇಲ್ಲ. ಹಾಗಾದರೆ ನಾಳೆಯಿಂದ ಸೊರಬದಲ್ಲಿ ಯಾವುದಾದರೂ ಸರಿಯೇ? ಅಲ್ಲ. ಆ ಅಧ್ಯಯನ ನಡೆದದ್ದು ಅಮೆರಿಕ, ಕೆನಡಾದ ಆಸ್ಪತ್ರೆಗಳಲ್ಲಿ. ಅಲ್ಲಿ ಆಪರೇಷನ್ ಮುಗಿದ ಮೇಲೆ ಉಸಿರಿನ ಮೇಲೆ ಕಣ್ಣಿಡಲು ತರಬೇತಾದ ನರ್ಸ್ ಇರುವ ಕೋಣೆಯಿದೆ. ನಮ್ಮಲ್ಲಿ ಆಪರೇಷನ್ ಮುಗಿದ ಅಜ್ಜ ನೇರ ವಾರ್ಡಿಗೆ ಹೋಗುತ್ತಾನೆ. ಅದಕ್ಕಾಗಿ ನಾನು ಸ್ಪೈನಲ್ಲನ್ನೇ ಆರಿಸುತ್ತೇನೆ. ಆದರೆ ಸ್ಪೈನಲ್ ಆಗದ ರೋಗಿ ಬಂದರೆ 'ಇವರಿಗೆ ಅನ್ಯಾಯ ಮಾಡುತ್ತಿದ್ದೇನೆ' ಎಂಬ ಅಳುಕು ಈಗ ಇಲ್ಲ. ಸಂಶೋಧನೆ ನನಗೆ ಕೊಟ್ಟದ್ದು ಅದು.

ಹಾಗೆಯೇ ವಿಡಿಯೊ ಲಾರಿಂಗೋಸ್ಕೋಪ್. 2023ರ 'ಡಿವೈಸ್' ಅಧ್ಯಯನದಲ್ಲಿ ಮೊದಲ ಪ್ರಯತ್ನದಲ್ಲೇ ಟ್ಯೂಬ್ ಹೋದದ್ದು ವಿಡಿಯೊದಲ್ಲಿ ಶೇ 85, ಹಳೆಯ ಬ್ಲೇಡಿನಲ್ಲಿ ಶೇ 71. ಆದರೆ ಅದು ಐಸಿಯು, ತುರ್ತು ವಿಭಾಗಗಳಲ್ಲಿ, ಹೆಚ್ಚಾಗಿ ಕಲಿಯುತ್ತಿರುವ ವೈದ್ಯರ ಕೈಯಲ್ಲಿ ನಡೆದದ್ದು. ಸಾವಿರಾರು ಟ್ಯೂಬ್ ಹಾಕಿದ ಕೈಗೆ ಅಷ್ಟೇ ಅಂತರ ಇರಲಿಕ್ಕಿಲ್ಲ. ಆದರೂ ರಾತ್ರಿ ಒಬ್ಬರೇ ಇರುವ ಕಡೆ ಒಂದು ವಿಡಿಯೊ ಬ್ಲೇಡ್ ಇರಬೇಕು ಎಂದೇ ನಾನು ಹೇಳುತ್ತೇನೆ. ಆಸ್ಪತ್ರೆಯ ಆಡಳಿತದ ಮುಂದೆ ಈ ಅಂಕಿಯನ್ನೇ ಇಟ್ಟು ಕೇಳಿ.

ಓದುವುದಷ್ಟೇ ಅಲ್ಲ, ಅನುಮಾನಿಸುವುದನ್ನೂ ಕಲಿಯಬೇಕಾದ ವಿಭಾಗ ನಮ್ಮದು. ಜಪಾನಿನ ಯೋಶಿತಾಕ ಫ್ಯೂಜಿ ಬರೆದವುಗಳಲ್ಲಿ ಪರಿಶೀಲಿಸಿದ 212 ಲೇಖನಗಳ ಪೈಕಿ 172ರಲ್ಲಿ ಅಂಕಿಗಳು ಕಟ್ಟುಕಥೆ ಎಂದು 2012ರಲ್ಲಿ ಅಲ್ಲಿನ ಅರಿವಳಿಕೆ ಸಂಘವೇ ಹೇಳಿತು. ಜರ್ಮನಿಯ ಯೋಆಕಿಮ್ ಬೋಲ್ಟ್ ಸ್ಟಾರ್ಚ್ ದ್ರವದ ಬಗ್ಗೆ ಬರೆದ ಹಲವು ಲೇಖನಗಳನ್ನು ಪತ್ರಿಕೆಗಳು ಹಿಂಪಡೆದವು. ಅವನ್ನು ಬಿಟ್ಟು ಲೆಕ್ಕ ಹಾಕಿದಾಗ ಆ ದ್ರವ ಮೂತ್ರಪಿಂಡಕ್ಕೆ, ಜೀವಕ್ಕೆ ಅಪಾಯ ಎಂದು ತಿಳಿಯಿತು. ಅಮೆರಿಕದ ಸ್ಕಾಟ್ ರೂಬೆನ್ ನೋವಿನ ಔಷಧಗಳ ಬಗ್ಗೆ ಹೀಗೆಯೇ ಮಾಡಿದರು. ಮೂವರೂ ಅರಿವಳಿಕೆ ತಜ್ಞರು. ಹಾಗಾಗಿ ನಾನು ಮೂರು ವಿಷಯ ನೋಡದೆ ಅಭ್ಯಾಸ ಬದಲಿಸುವುದಿಲ್ಲ. ಪಬ್‌ಮೆಡ್‌ನಲ್ಲಿ ಲೇಖನದ ತಲೆಯ ಮೇಲೆ ಹಿಂಪಡೆದ ಸೂಚನೆ ಇದೆಯೇ? ಶುರುವಾಗುವ ಮುಂಚೆಯೇ ನೋಂದಣಿಯಾಗಿತ್ತೇ? ಭಾರತದ ಅಧ್ಯಯನವಾದರೆ 2007ರಿಂದ ಇರುವ ನಮ್ಮದೇ ಸಿಟಿಆರ್‌ಐ ದಾಖಲೆಯಲ್ಲಿ ಹುಡುಕಬಹುದು. ಮೂರನೆಯದು, ಬೇರೆ ಊರಿನವರು ಮಾಡಿದಾಗಲೂ ಅದೇ ಉತ್ತರ ಬಂತೇ? ಒಂದೇ ಕಾಲೇಜಿನ ಅರವತ್ತು ರೋಗಿಗಳ ಲೇಖನವೊಂದು ಎಷ್ಟೇ ಚೆನ್ನಾಗಿದ್ದರೂ ಕಾಯಬಹುದು.

ಕೈಗೆ ಬರಬೇಕಾದದ್ದು

ಓದಿನಿಂದ ಬಾರದ ಕೆಲವಿವೆ. ಉಸಿರಿನ ದಾರಿ ಪೂರ್ತಿ ಮುಚ್ಚಿದಾಗ ಕತ್ತಿನ ಮುಂದಿನಿಂದ ದಾರಿ ಮಾಡುವುದು ಅದರಲ್ಲಿ ಮೊದಲನೆಯದು. ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಸಂಘ 2016ರಲ್ಲಿ ಕೊಟ್ಟ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಓಟಿ ಗೋಡೆಗೆ ಅಂಟಿಸಿ. ಅಭ್ಯಾಸಕ್ಕೆ ಮಟನ್ ಅಂಗಡಿಯಿಂದ ಕುರಿಯ ಗಂಟಲ ನಳಿಕೆ ತನ್ನಿ. ಹತ್ತನೇ ನಂಬರ್ ಬ್ಲೇಡ್, ಒಂದು ಬೂಜಿ, ಆರನೇ ಸೈಜಿನ ಟ್ಯೂಬ್. ನಳಿಕೆಯ ಮೇಲೆ ಒದ್ದೆ ಹತ್ತಿ ಬಟ್ಟೆ ಹೊದಿಸಿದರೆ ಬೆರಳಿನಿಂದ ಹುಡುಕುವ ಅಭ್ಯಾಸವೂ ಆಗುತ್ತದೆ. ವರ್ಷಕ್ಕೆ ಎರಡು ಸಲ, ನರ್ಸುಗಳನ್ನೂ ಕರೆದು ಮಾಡಿದರೆ ಸಾಕು.

ಅಲ್ಟ್ರಾಸೌಂಡ್ ನೋಡಿ ಕೊಡುವ ನರದ ಬ್ಲಾಕ್‌ಗಳನ್ನು ಕಲಿಯಲು ಕಾರ್ಯಾಗಾರಕ್ಕೆ ಹೋಗಲೇಬೇಕು. ಸೊಂಟದ ಮೂಳೆಗೆ 2018ರಲ್ಲಿ ಬಂದ 'ಪೆಂಗ್' ಬ್ಲಾಕ್ ಹಿರಿಯರನ್ನು ಸ್ಪೈನಲ್ಲಿಗೆ ಕೂರಿಸುವಾಗಿನ ನೋವನ್ನು ನಿಜಕ್ಕೂ ಇಳಿಸುತ್ತದೆ. ಆದರೆ ಆ ಉತ್ಸಾಹದಲ್ಲಿ ಯಂತ್ರ ಕೊಳ್ಳುವ ಮುಂಚೆ ಲಿಂಗಪತ್ತೆ ತಡೆ ಕಾಯ್ದೆ ನೆನಪಿರಲಿ. ನರ ಹುಡುಕುವ ಯಂತ್ರವೂ ಆ ಕಾಯ್ದೆಯಡಿ ನೋಂದಣಿಯಾಗಬೇಕು, ಒಂದು ಆಸ್ಪತ್ರೆಯ ಹೆಸರಿನಲ್ಲಿರುವುದನ್ನು ಕಾರಿನಲ್ಲಿಟ್ಟುಕೊಂಡು ಇನ್ನೊಂದು ನರ್ಸಿಂಗ್ ಹೋಮಿಗೆ ಒಯ್ಯುವಂತಿಲ್ಲ. ಜಿಲ್ಲಾ ಪ್ರಾಧಿಕಾರವನ್ನು ಕೇಳಿಯೇ ಮುಂದುವರಿಯಿರಿ.

ನಮ್ಮ ಕಾಡಿನ ಪ್ರಶ್ನೆಗಳು

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿದೆ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿ, ಕಾಡಿಗೆ ಹೋದವರಿಗೆ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಗುರುತಿಸಿದರು. ಆ ವೈರಸ್ಸಿನಿಂದ ಬರುವ ಮಂಗನ ಕಾಯಿಲೆ ನಮ್ಮ ಕೆಲಸಕ್ಕೆ ಹೇಗೆ ತಾಗುತ್ತದೆ? ಆ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವವಾಗುತ್ತದೆ. ಡಿಸೆಂಬರ್‌ನಿಂದ ಮೇವರೆಗಿನ ಕಾಲದಲ್ಲಿ ಕಾಡಂಚಿನ ಊರಿನಿಂದ ಜ್ವರವಿರುವ ಗರ್ಭಿಣಿ ಸಿಸೇರಿಯನ್ನಿಗೆ ಬಂದರೆ ಬೆನ್ನಿಗೆ ಸೂಜಿ ಇಡುವ ಮುಂಚೆ ಪ್ಲೇಟ್‌ಲೆಟ್ ನೋಡಲೇಬೇಕು. 2021ರಲ್ಲಿ ಅಮೆರಿಕದ ಪ್ರಸೂತಿ ಅರಿವಳಿಕೆ ಸಂಘ, 70,000ಕ್ಕಿಂತ ಮೇಲಿದ್ದರೆ ಸ್ಪೈನಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಬಹಳ ಕಡಿಮೆ ಎಂದಿತು. ಆ ಲೆಕ್ಕ ಗರ್ಭದ ಕಾರಣಕ್ಕೆ, ಬಿಪಿಯ ಕಾರಣಕ್ಕೆ ಪ್ಲೇಟ್‌ಲೆಟ್ ಕಡಿಮೆಯಾದವರಿಗೆ ಹೇಳಿದ್ದು. ಗಂಟೆಗಂಟೆಗೆ ಇಳಿಯುತ್ತಿರುವ ಮಂಗನ ಕಾಯಿಲೆಯ ರೋಗಿಗೆ ಅದನ್ನು ಹಾಗೆಯೇ ಹಚ್ಚಬಾರದು. ಬೆಳಿಗ್ಗೆಯ ವರದಿಯನ್ನು ನಂಬಿ ಸಂಜೆ ಸೂಜಿ ಇಡಬೇಡಿ.

ಹಾವು ಕಡಿತವೂ ನಮ್ಮದೇ. ಕಟ್ಟುಹಾವು ಕಡಿದು ಕಣ್ಣುರೆಪ್ಪೆ ಜೋತುಬಿದ್ದ ರೋಗಿಗೆ ಟ್ಯೂಬ್ ಹಾಕಲು, ಶಿವಮೊಗ್ಗದವರೆಗೆ ಉಸಿರು ಕೊಡಲು ಕರೆಯುವುದು ನಮ್ಮನ್ನೇ. ನಿಯೋಸ್ಟಿಗ್ಮಿನ್ ನಾಗರಹಾವಿನ ವಿಷಕ್ಕೆ ನೆರವಾಗಬಹುದು, ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದದ್ದೆಂದು ಘೋಷಿಸಿತು. ಎಷ್ಟು ಹೊತ್ತಿಗೆ ಕಡಿಯಿತು, ಎಷ್ಟು ಹೊತ್ತಿಗೆ ಟ್ಯೂಬ್ ಹಾಕಿದ್ದು, ಎಷ್ಟು ದಿನ ವೆಂಟಿಲೇಟರ್ ಬೇಕಾಯಿತು ಎಂದು ನಾವು ಬರೆದಿಟ್ಟರೆ ಅದೇ ಸಂಶೋಧನೆ. ಇಂಥ ಅಂಕಿಗಳು ಬೋಸ್ಟನ್ನಿನಲ್ಲಿ ಸಿಗುವುದಿಲ್ಲ.

ಒಬ್ಬರೇ ಓದಬೇಡಿ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1162ರ ಶಾಸನವೊಂದಿದೆ. ಕೋಡಿಯ ಮಠ ವೇದ, ವ್ಯಾಕರಣ, ತರ್ಕ ಓದುವ ಜಾಗವಾಗಿತ್ತು ಎಂದು ಹೇಳುವ ಆ ಶಾಸನವೇ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗವೂ ಅದೇ ಎನ್ನುತ್ತದೆ. ಓದು, ಚಿಕಿತ್ಸೆ ಎರಡೂ ಒಂದೇ ಸೂರಿನಡಿ ಇದ್ದ ಊರು ನಮ್ಮದು. ಅದು ಈಗಲೂ ಆಗಬಹುದಾದದ್ದೇ.

ಶಿಕಾರಿಪುರ, ಸೊರಬ, ಸಾಗರ, ಶಿರಾಳಕೊಪ್ಪದ ಐದಾರು ಮಂದಿ ಸೇರಿ ಹದಿನೈದು ದಿನಕ್ಕೊಮ್ಮೆ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರೆ ಸಾಕು. ಒಬ್ಬರ ಒಂದು ಕೇಸು, ಅದರಿಂದ ಎದ್ದ ಒಂದು ಪ್ರಶ್ನೆ, ಅದಕ್ಕೆ ಸಿಕ್ಕ ಒಂದು ಲೇಖನ. ಕೊನೆಗೆ 'ಸರಿ, ನಾಳೆಯಿಂದ ಏನು ಮಾಡೋಣ?' ಎಂಬ ಪ್ರಶ್ನೆ ತಪ್ಪದೆ ಬರಬೇಕು. ವಾಟ್ಸ್ಆ್ಯಪ್ ಗುಂಪಿಗೆ ದಿನಕ್ಕೆ ಹತ್ತು ಪಿಡಿಎಫ್ ಹಾಕುವುದು ಓದಲ್ಲ. ನಾಲ್ಕನೆಯ ದಿನಕ್ಕೆ ಯಾರೂ ತೆರೆಯುವುದಿಲ್ಲ. ರೋಗಿಯ ಹೆಸರು, ಮುಖ, ಐಪಿ ನಂಬರ್ ಗುಂಪಿಗೆ ಹೋಗಬಾರದು. ಪ್ರಸೂತಿ ತಜ್ಞರನ್ನು, ಓಟಿ ನರ್ಸುಗಳನ್ನು ಆಗಾಗ ಕರೆಯಿರಿ. ಉಪವಾಸದ ಚೀಟಿ ನಮ್ಮಲ್ಲಿ ನಿಂತದ್ದು ವಾರ್ಡಿನ ಹಿರಿಯ ನರ್ಸ್ ಅದನ್ನು ತಮ್ಮದೆಂದುಕೊಂಡದ್ದರಿಂದ. ಎಂಬಿಬಿಎಸ್ ಮುಗಿಸಿ ಹದಿನೆಂಟು ವಾರದ ಜೀವರಕ್ಷಕ ಅರಿವಳಿಕೆ ತರಬೇತಿ ಪಡೆದು ಬಂದ ವೈದ್ಯರು ಹತ್ತಿರದಲ್ಲಿದ್ದರೆ ಅವರನ್ನು ಮೊದಲು ಸೇರಿಸಿಕೊಳ್ಳಿ. ತಜ್ಞರಿಲ್ಲದ ರಾತ್ರಿ ಇಡೀ ಭಾರ ಅವರ ಮೇಲಿರುತ್ತದೆ, ಕೇಳಲು ಒಬ್ಬರು ಬೇಕಿರುತ್ತದೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡಕ್ಕೆ ಪ್ರಶ್ನೆ, ನಡುವೆ ಓದಿದ್ದು, ಬಲಕ್ಕೆ ಬದಲಿಸಿದ್ದು, ತಾರೀಖು. ಬಲಗಡೆ ಆರು ತಿಂಗಳು ಖಾಲಿ ಇದ್ದರೆ ಎಷ್ಟು ಸರ್ಟಿಫಿಕೇಟ್ ಬಂದರೂ ಕಲಿತದ್ದೇನೂ ಇಲ್ಲ.

ಮೊದಲ ಸಾಲು ನಾಳೆ ಬೆಳಿಗ್ಗೆಯೇ ತುಂಬಬಹುದು. ಓಟಿಗೆ ಹೋದ ಕೂಡಲೇ ಸ್ಪೈನಲ್ ಟ್ರೇ ನೋಡಿ. ಅದರ ಪಕ್ಕದಲ್ಲಿ ಟ್ರನೆಕ್ಸಾಮಿಕ್ ಆಮ್ಲದ ಆಂಪೂಲ್ ಇದ್ದರೆ ಎತ್ತಿ ಬೇರೆ ಕಪಾಟಿನಲ್ಲಿಡಿ.